ಗುಂಡಾಚಾರ್ರ ಬಾವಿ ನೀರು

ಈಗ ಹೇಳಹೊರಟಿರುವುದರಲ್ಲಿ ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂಬುದು ನನಗೇ ಖಚಿತವಿಲ್ಲ. ಇದನ್ನು ನಾನು ಮದುವೆಮನೆಗಳಲ್ಲಿ, ರೈಲಿನಲ್ಲಿ, ನಿವೃತ್ತರ ಬೆಂಚಿನ ಮೇಲೆ ಕನಿಷ್ಠ ಐವತ್ತು ಸಲ ಹೇಳಿದ್ದೇನೆ. ಹೇಳಿ ಹೇಳಿ ನಯವಾದ ಕಥೆಯನ್ನು ನಂಬಬಾರದು ಎನ್ನುವುದು ವಿಶ್ವವಿದ್ಯಾಲಯ ನನಗೆ ಕಲಿಸಿದ ಪಾಠ. ಬೇರೆಯವರ ಕಥೆಗಳ ಮೇಲೆ ಮಾತ್ರ ಅದನ್ನು ಪ್ರಯೋಗಿಸುತ್ತ ಬಂದೆ.

ಮೊನ್ನೆ ಕಾಫಿಗೆ ನೀರು ಕಾಯಿಸುವ ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಂಡಿತು. ನಮ್ಮ ಫ್ಲ್ಯಾಟಿಗೆ ಬೋರ್‌ವೆಲ್ ನೀರು. ಚಮಚದ ಹಿಡಿಯಿಂದ ಕೆರೆದೆ. ಆ ಕರಕರ ಸದ್ದಿನೊಂದಿಗೆ ಗುಂಡಾಚಾರ್ರು ಬಂದು ಅಡುಗೆಮನೆಯಲ್ಲಿ ನಿಂತರು.

ಅರವತ್ತರ ದಶಕದ ಮೊದಲ ವರ್ಷಗಳು. ಮದ್ರಾಸಿನ ಒಂದು ಪ್ರಯೋಗಶಾಲೆಯಲ್ಲಿ ನಾನು ಸಂಶೋಧನ ವಿದ್ಯಾರ್ಥಿ. ಗಾಯವನ್ನು ಕೊಳೆಯಿಸುವ ಒಂದು ಬ್ಯಾಕ್ಟೀರಿಯಾದ ವಿಷವನ್ನು ಶುದ್ಧಮಾಡಿ ಅದನ್ನೇ ಉಪಕರಣವಾಗಿ ಬಳಸುವುದು ನಮ್ಮ ಕೆಲಸ. ಅಂಥ ವಿಷದಿಂದ ಏನುಪಯೋಗ ಎಂದು ನೀವು ಕೇಳಬಹುದು. ನಮ್ಮ ತಾಯಿಯೂ ಕೇಳಿದ್ದಳು. ಜೀವಕೋಶದ ಪೊರೆಯಲ್ಲಿ ಲೆಸಿಥಿನ್ ಎಂಬ ಒಂದು ಕೊಬ್ಬಿದೆ. ಈ ವಿಷ ಆ ಕೊಬ್ಬನ್ನು ಹುಡುಕಿ ಕತ್ತರಿಸುತ್ತದೆ. ಕತ್ತರಿಸಿದಾಗ ಪೊರೆ ಎಲ್ಲಿ ಬಿಚ್ಚಿಕೊಂಡಿತು ಎಂದು ನೋಡಿದರೆ, ಅದನ್ನು ಹೇಗೆ ಹೊಲಿದಿದ್ದರು ಎನ್ನುವುದು ಗೊತ್ತಾಗುತ್ತದೆ. ದರ್ಜಿಯ ಅಂಗಡಿಯಲ್ಲಿ ಹಳೆಯ ಕೋಟನ್ನು ಬಿಚ್ಚಿ ಕಲಿಯುವುದಿಲ್ಲವೇ, ಹಾಗೆ.

ವಿಷಕ್ಕೆ ಕಸುವಿದೆಯೇ ಎಂದು ನೋಡಲು ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಬೇಕು. ಅದನ್ನು ನೀರಲ್ಲಿ ಕಲಸಿ, ಕೊಳವೆಗೆ ಹಾಕಿ, ವಿಷ ಬೆರೆಸಿದರೆ ಬೆಳ್ಳಗೆ ಮಬ್ಬಾಗಬೇಕು. ದಿನಕ್ಕೆ ಎರಡು ಡಜನ್ ಮೊಟ್ಟೆ ಒಡೆಯುವ ಈ ಕೆಲಸ ನಮ್ಮ ಲ್ಯಾಬ್ ಅಸಿಸ್ಟೆಂಟ್ ಗುಂಡಾಚಾರ್ರ ಪಾಲಿಗೆ ಬಂದಿತ್ತು. ಮೈಲಾಪುರದ ಮಾಧ್ವರು, ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದವರು, ಹಣೆಯ ಮೇಲೆ ಅಂಗಾರ ಅಕ್ಷತೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹನ್ನೊಂದು ವರ್ಷ ದುಡಿದರೂ ಕೆಲಸ ಖಾಯಂ ಆಗಿರಲಿಲ್ಲ. ಆ ವರ್ಷ ಆಗುವುದರಲ್ಲಿತ್ತು.

“ಮೊಟ್ಟೆ ಮುಟ್ತೀರಲ್ಲ ಆಚಾರ್ರೇ, ಮನೇಲಿ ಏನೂ ಅನ್ನಲ್ವಾ?” ಎಂದು ಕೆಣಕುತ್ತಿದ್ದೆ.

“ಮನೇಲಿ ಹೇಳಿದ್ರೆ ತಾನೆ ಸ್ವಾಮಿ? ‘ಗಾಜು ತೊಳೀತೀನಿ’ ಅಂದಿದೀನಿ. ಸುಳ್ಳೇನಿಲ್ಲ, ಆಮೇಲೆ ತೊಳೀತೀನಲ್ಲ!”

ವಿಷವನ್ನು ಹೆಚ್ಚು ಹೆಚ್ಚು ಶುದ್ಧಮಾಡಿದ ಹಾಗೆಲ್ಲ ಕೊಳವೆಗಳು ಚೆನ್ನಾಗಿಯೇ ಮಬ್ಬಾಗುತ್ತಿದ್ದವು. ಆಗ ಆಚಾರ್ರು ಮಗಳ ಮದುವೆಗೆ ಮೂರು ವಾರ ರಜೆ ಹೋದರು. ಮೊಟ್ಟೆಯ ಕೆಲಸ ನಾನೇ ಮಾಡಿದೆ. ಒಂದು ಕೊಳವೆಯೂ ಮಬ್ಬಾಗಲಿಲ್ಲ. ಅವರು ಲಾಡು ಹಂಚುತ್ತ ವಾಪಸು ಬಂದರು. ಅಂದೇ ಅವರು ಕಲಸಿದ್ದೇ ತಡ, ಎಲ್ಲವೂ ಮಬ್ಬು.

ನೀವಾಗಿದ್ದರೆ ಅವರ ಕೈಗುಣ ಎನ್ನುತ್ತಿದ್ದಿರಿ. ನಾನು ಸಂದೇಹವಾದಿ. ಒಳ್ಳೆಯ ಫಲ ಕಂಡರೆ ನಮ್ಮ ಪ್ರೊಫೆಸರರು ಖುಷಿಯಾಗಿ ಕೆಲಸ ಖಾಯಂ ಮಾಡುತ್ತಾರೆಂದು ಈತ ಏನೋ ಬೆರೆಸುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಲಾಡು ಇನ್ನೂ ಬಾಯಲ್ಲಿರುವಾಗಲೇ ಪ್ರೊಫೆಸರರ ಕೋಣೆಗೆ ಹೋಗಿ ಹೇಳಿದೆ ಎಂದು ನೆನಪು. ಲಾಡು ನಾನು ಸೇರಿಸಿದ್ದಿರಬಹುದು. ಹೇಳಿದ್ದು ನಿಜ.

ಪ್ರೊಫೆಸರರು ತಮಿಳರು. ಆಚಾರ್ರನ್ನು ಕರೆಸಿ ಒಂದೊಂದಾಗಿ ಕೇಳಿದರು. ಯಾವ ಉಪ್ಪು? ಯಾವ ನೀರು?

“ಬಾವಿ ನೀರು ಸಾರ್. ಸೋಸಿದ್ದು.”

“ಎನ್ನ ಆಚಾರಿಯಾರೇ, ಕಿಣತ್ತು ತಣ್ಣಿಯಾ?” ಬಾವಿ ನೀರೇ ಎಂದು ಪ್ರೊಫೆಸರರು ಕುರ್ಚಿಯಿಂದ ಅರ್ಧ ಎದ್ದರು.

ಅಂಗಳದಲ್ಲೊಂದು ಹಳೆಯ ಬಾವಿ ಇತ್ತು. ನಲ್ಲಿಯೊಳಗೆ ತೊಗಲಿನ ವಾಷರ್ ಇರುತ್ತದೆಂದು ಮಡಿವಂತರು ಆ ನೀರನ್ನು ಮುಟ್ಟದಿದ್ದ ಕಾಲ ಅದು. ನಮ್ಮ ಬಟ್ಟಿ ಇಳಿಸಿದ ನೀರಿಗೂ ಮೂಲ ನಲ್ಲಿಯೇ.

“ಡಿಸ್ಟಿಲ್ ಮಾಡಿದ ಮೇಲೆ ಎಲ್ಲಿಯ ತೊಗಲು ಆಚಾರ್ರೇ!” ಎಂದೆ.

“ಆವಿ ಆದ್ರೇನು, ಹೊರಟಿದ್ದು ತೊಗಲಿನ ಬಾಯಿಂದ ತಾನೆ? ಹೊಟ್ಟೆಪಾಡಿಗೆ ಮೊಟ್ಟೆ ಮುಟ್ಟಾಯ್ತು. ಬಾವಿ ಇರೋವಾಗ ಎರಡನೇ ಪಾಪ ಯಾಕೆ ಸ್ವಾಮಿ?” ಆಮೇಲೆ ನನ್ನ ಕಡೆ ತಿರುಗಿ, “ನಾನೇನು ಮುಚ್ಚಿಟ್ಟಿದ್ನೇ? ಎಲ್ಲಾ ಬರ್ದಿದೀನಲ್ಲ,” ಎಂದರು. ಅಥವಾ ಹಾಗೆಂದರೆಂದು ನಾನು ಆಮೇಲೆ ಕಲ್ಪಿಸಿಕೊಂಡೆ. ಈ ಮಾತೊಂದು ಮಾತ್ರ ನನ್ನ ಕಥೆಯಲ್ಲಿ ಕೆಲವು ವರ್ಷ ಇರುತ್ತಿತ್ತು, ಕೆಲವು ವರ್ಷ ಇರುತ್ತಿರಲಿಲ್ಲ.

ಮಬ್ಬು ವಿಷದ್ದಲ್ಲ, ಬಾವಿಯ ಕೊಳೆಯದು ಎಂದು ತೀರ್ಮಾನವಾಯಿತು. ಖಾಯಂ ಆಗುವ ಕಾಗದ ನಿಂತಿತು. ಆಚಾರ್ರನ್ನು ಪ್ರಾಣಿಗಳ ಶೆಡ್ಡಿಗೆ ಕಳಿಸಿದರು. ದಾರಿಯಲ್ಲಿ ಸಿಕ್ಕಾಗ ನಾನು ನೆಲ ನೋಡಿದೆ. ಅವರೇ ಮಾತಾಡಿಸಿದರು: “ಮೊಲಗಳು ವಾಸಿ ಸ್ವಾಮಿ. ಬರೀ ಸೊಪ್ಪು ತಿಂತಾವೆ, ಯಾರ ಮೇಲೂ ಚಾಡಿ ಹೇಳಲ್ಲ.”

ನನ್ನ ಕೊಳವೆಗಳೋ, ಮೂರು ತಿಂಗಳು ಗಂಗೆಯಷ್ಟು ತಿಳಿ. ಕೊನೆಗೆ ಗ್ರಂಥಾಲಯದಲ್ಲಿ, ಕೆಲಸ ಶುರುಮಾಡುವ ಮೊದಲೇ ಓದಬೇಕಾಗಿದ್ದ ಒಂದು ಹಳೆಯ ಲೇಖನ ಓದಿದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆ ವಿಷ ಲೆಸಿಥಿನ್ನನ್ನು ಕತ್ತರಿಸುವುದಿಲ್ಲ. ನಾನು ತೊಳೆದು ಸೋಸಿ ಶುದ್ಧಮಾಡುತ್ತ ಅದನ್ನೇ ಹೊರಗೆ ಹಾಕಿದ್ದೆ. ಮದ್ರಾಸಿನ ಬಾವಿಗಳ ಗಡಸು ನೀರಿನಲ್ಲಿ, ಪಾತ್ರೆಯ ತಳದಲ್ಲಿ ಹಕ್ಕಳೆ ಕಟ್ಟುವಷ್ಟು, ಅದು ಇತ್ತು. ಅವರ ಮಡಿ ನನ್ನ ಶುದ್ಧಿಯ ತಪ್ಪನ್ನು ತಿದ್ದುತ್ತಿತ್ತು. ಓಡಿಹೋಗಿ ಒಂದು ಬಿಂದಿಗೆ ಬಾವಿ ನೀರು ಸೇದಿದೆ. ಗಂಟೆಯೊಳಗೆ ಕೊಳವೆಗಳು ಮಬ್ಬಾದವು.

ಪ್ರೊಫೆಸರರಿಗೆ ಅಂದೇ ಹೇಳಿದೆ. ಆಚಾರ್ರು ವಾಪಸು ಬಂದರು. ಕೆಲಸ ಖಾಯಂ ಆಗುವುದು ಮಾತ್ರ ಒಂದು ವರ್ಷ ಹಿಂದೆ ಬಿತ್ತು. ಕ್ಷಮೆ ಕೇಳಲು ಮೈಲಾಪುರದ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ತಂದಾಗ ಆಚಾರ್ರು ಕಣ್ಣಲ್ಲೇ ಎಚ್ಚರಿಸಿದರು, ಮೊಟ್ಟೆಯ ವಿಷಯ ಎತ್ತಬೇಡಿ ಎಂದು. ಹೀಗಾಗಿ ಕ್ಷಮೆಯನ್ನು ಯಾತಕ್ಕೆಂದು ಹೇಳದೆಯೇ ಕೇಳಿದೆ. “ಶರಿ ಶರಿ, ಪರವಾಗಿಲ್ಲ, ಕಾಫಿ ಆರತ್ತೆ,” ಎಂದರು.

ಆದರೆ ನಾನು ಐವತ್ತು ಸಲ ಹೇಳಿದ ಕಥೆಯಲ್ಲಿ ಒಂದು ಮಾತಿತ್ತು, ಎಲ್ಲರೂ ನಗುವ ಜಾಗ: “ಆ ಆಚಾರ್ರು ಕದ್ದುಮುಚ್ಚಿ ಬಾವಿ ನೀರು ಸುರಿಯುತ್ತಿದ್ದರು.” ಆಚಾರ್ರು ತೀರಿಕೊಂಡ ಮೇಲೂ ಹೇಳಿದೆ. ಅವರ ಮಗಳ ಎದುರಿಗೇ ಒಮ್ಮೆ ಹೇಳಿದೆ. ಆಕೆ ನಗಲಿಲ್ಲ. “ಅಪ್ಪ ಕದ್ದುಮುಚ್ಚಿ ಏನೂ ಮಾಡೋರಲ್ಲ, ಮಾಮಾ,” ಎಂದಳು.

ಕೆಟಲನ್ನು ಹಾಗೇ ಬಿಟ್ಟು ಅಟ್ಟದ ಪೆಟ್ಟಿಗೆ ಇಳಿಸಿದೆ. ಆ ವರ್ಷದ ಪ್ರಯೋಗದ ನೋಟ್‌ಬುಕ್ ಅದರಲ್ಲಿತ್ತು. ಕಥೆ ಗೊತ್ತಿದೆಯಲ್ಲ ಎಂದು ಆಮೇಲೆ ಯಾವತ್ತೂ ತೆರೆದಿರಲಿಲ್ಲ. ಆಚಾರ್ರು ಬರೆದ ಪ್ರತಿ ಪುಟದಲ್ಲೂ ಮೊಟ್ಟೆಯ ಲೆಕ್ಕ, ತೂಕ, ಹೊತ್ತು, ಎಲ್ಲ ಇಂಗ್ಲಿಷಿನಲ್ಲಿ. ನೀರಿನ ಕಾಲಮ್ಮಿನಲ್ಲಿ ಮಾತ್ರ, ಮೊದಲ ದಿನದಿಂದ ಕೊನೆಯವರೆಗೂ, ದುಂಡನೆಯ ಕನ್ನಡ ಅಕ್ಷರ: “ಬಾವಿ. ಸೋಸಿದ್ದು.” ಆ ಪ್ರಯೋಗಶಾಲೆಯಲ್ಲಿ ಕನ್ನಡ ಓದಬಲ್ಲವನು, ಅವರನ್ನು ಬಿಟ್ಟರೆ, ನಾನೊಬ್ಬನೇ. ಪ್ರತಿ ಪುಟದ ಕೆಳಗೂ, ಓದಿ ಒಪ್ಪಿದ್ದೇನೆ ಎಂಬ ಸಾಲಿನ ಪಕ್ಕದಲ್ಲಿ, ನನ್ನ ಸಹಿ ಇದೆ.