ನೀಲಿಯೂ ಅಲ್ಲದ, ಬಿಳಿಯೂ ಅಲ್ಲದ ಹೊಗೆ

ಶಬ್ಬೀರಸಾಬನನ್ನು ದೊಡ್ಡ ಮೆಕ್ಯಾನಿಕ್ ಎಂದು ಹೊಗಳುವವರು ಕುಷ್ಟಗಿಯಲ್ಲಿ ಈಗಲೂ ಇದ್ದಾರೆ. ಅದು ಸುಳ್ಳು. ಅವನು ಒಳ್ಳೆಯ ಡ್ರೈವರ್, ಅಷ್ಟೇ. ಹನುಮಸಾಗರದಲ್ಲಿ ಕುದುರೆಗೆ ಲಾಳ ಹೊಡೆಯುವವರ ಮನೆಯಲ್ಲಿ ಹುಟ್ಟಿದವನು, ಹುಬ್ಬಳ್ಳಿಯ ಒಬ್ಬ ಉಸ್ತಾದನಿಂದ ಗಾಡಿ ನಡೆಸಲು ಕಲಿತು, ಕುಷ್ಟಗಿಯ ಹತ್ತಿ ವ್ಯಾಪಾರಿ ಓಬಳೆಪ್ಪ ಸಾಹುಕಾರರ ಹಳೆಯ ಕಾರಿಗೆ ಚಾಕರಿಗೆ ನಿಂತ. ಎಂಜಿನ್ನಿನ ಬಗ್ಗೆ ಉಸ್ತಾದ ಹೇಳಿಕೊಟ್ಟದ್ದು ಇಷ್ಟು: ಹೊಗೆ ಕಪ್ಪಾದರೆ ಪೆಟ್ರೋಲು ಹೆಚ್ಚು ಉಣ್ಣುತ್ತಿದೆ, ನೀಲಿಯಾದರೆ ಎಂಜಿನ್ ಎಣ್ಣೆ ಸುಡುತ್ತಿದೆ, ಬಿಳಿಯಾದರೆ ನೀರು ಒಳಹೊಕ್ಕಿದೆ. ಅದರಿಂದಲೇ ಅವನು ವರ್ಷಗಟ್ಟಲೆ ಕಾಲ ಹಾಕಿದ್ದ.

೧೯೪೩ರಲ್ಲಿ ಯುದ್ಧದಿಂದಾಗಿ ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿತ್ತು. ಆ ವರ್ಷ ಕಾರಹುಣ್ಣಿಮೆಯ ಮರುದಿನ ಅವನು ಕಾರು ಚಾಲೂ ಮಾಡಿದಾಗ ಅಂಗಡಿಯ ಮುಂದೆಲ್ಲ ದಟ್ಟ ಹೊಗೆ ತುಂಬಿತು. ಹಮಾಲರು ಹತ್ತಿಯ ಅಂಡಿಗೆ ಬಿಟ್ಟು ಕೆಮ್ಮುತ್ತ ಓಡಿದರು.

ಸಾಹುಕಾರರು ಎಲ್ಲರೆದುರಿಗೇ ಕೂಗಿದರು: "ಪೆಟ್ರೋಲ್ ಮಾರ್ಕೊಂಡು ಸೀಮೆಎಣ್ಣಿ ತುಂಬೀಯೇನಲೇ? ನಾಳೆ ನಾ ಕೊಪ್ಪಳ ಸ್ಟೇಷನ್ನಿಗೆ ಹೋಗಬೇಕು. ಅಷ್ಟರಾಗ ಹೊಗಿ ನಿಲ್ಲಬೇಕು. ಇಲ್ಲಾಂದ್ರ ನೀ ಇಲ್ಲಿ ನಿಲ್ಲಬಾರದು."

ಶಬ್ಬೀರಸಾಬ ಹೊಗೆ ನೋಡಿದ. ನೆರಳಿನಲ್ಲಿ ನೀಲಿ, ಬಿಸಿಲಿನಲ್ಲಿ ಬಿಳಿ. ಬಿಳಿ ಎಂದು ರೇಡಿಯೇಟರ್ ನೋಡಿದರೆ ನೀರು ತುಂಬಿತ್ತು. ನೀಲಿ ಎಂದು ಎಂಜಿನ್ ಎಣ್ಣೆ ಅಳೆದರೆ ಗುರುತಿನಿಂದ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಪ್ಲಗ್ಗು ಬಿಚ್ಚಿದ, ಅಂಟು ಜಿಗುಟು. ಪೆಟ್ರೋಲು ಮೂಸಿದ, ಸೀಮೆಎಣ್ಣೆಯ ವಾಸನೆಯಿಲ್ಲ. ಪೆಟ್ರೋಲು ಸೋಸುವ ಗಾಜಿನ ಬಟ್ಟಲು ಬಿಚ್ಚಿದಾಗ ತಳದಲ್ಲಿ ಹಳದಿ ಗಸಿ ಕಂಡಿತು.

"ಪೆಟ್ರೋಲಿಗೂ ಕಾಮಾಲಿ ಬಂತೇನೋ ಸಾಬಾ?" ಎಂದ ಹಮಾಲ ಗ್ಯಾನಪ್ಪ.

ಮನೆಗೆ ಹೋದರೆ ಹೆಂಡತಿ ತಾಜಬೀ ಅಂಗಿ ಮೂಸಿ, "ಯಾರ ಮನ್ಯಾಗ ಭಜಿ ತಿಂದು ಬಂದ್ರಿ?" ಎಂದಳು.

"ನಾ ತಿಂದಿಲ್ಲ. ಗಾಡಿ ತಿಂದೈತಿ," ಎಂದ. ಹಾಗೆಂದರೇನೆಂದು ಅವನಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸಾಹುಕಾರರ ಕೊಟ್ಟಿಗೆಯಲ್ಲಿ ಮತ್ತೆ ಎಂಜಿನ್ ಬಿಚ್ಚಿಕೊಂಡು ಕೂತ. ಕಾರು ನಿಲ್ಲುತ್ತಿದ್ದುದು ಎತ್ತುಗಳ ಪಕ್ಕದಲ್ಲೇ. ಎತ್ತು ನೋಡಿಕೊಳ್ಳುವ ಹನುಮಣ್ಣ ಸಗಣಿ ಬಳಿಯುತ್ತ ಸಮಾಧಾನ ಹೇಳಿದ: "ಹೆದರಬ್ಯಾಡೋ. ಎಣ್ಣಿ ಕುಡಿಸಿದ ಮ್ಯಾಲೆ ಎತ್ತೂ ಎರಡು ದಿನ ಹಿಂಗ ಒದ್ದಾಡತಾವು. ಆಮ್ಯಾಲೆ ನೋಡು ಹೆಂಗ ಓಡತಾವ."

"ಯಾರಿಗೆ ಕುಡಿಸಿದಿ?"

"ಕಾರಹುಣ್ಣಿವಿ ಎತ್ತಿನ ಹಬ್ಬ ಅಲ್ಲೇನು? ಕೊಟ್ಟಿಗ್ಯಾಗ ನಿಂತೋರಿಗೆಲ್ಲ ಕುಡಿಸಿದೆ. ಕುಸುಬಿ ಎಣ್ಣಿ, ಅರಿಷಿಣ. ಅದೊಂದನ್ನ ಹೆಂಗ ಬಿಡೂದು? ದುಡಿಯೂದಿಲ್ಲೇನು ಅದು?" ಎತ್ತಿನ ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಗೊಟ್ಟ ಎತ್ತಿ ತೋರಿಸಿದ. "ಬಾಯಿ ಎಲ್ಲೈತಿ ಅನ್ನೂದು ನೀ ದಿನಾ ಪೆಟ್ರೋಲ್ ಹಾಕೂದು ನೋಡಿ ಗೊತ್ತಿತ್ತು."

"ನಿನ್ನೆನ ಹೇಳಾಕ ಏನಾಗಿತ್ತು?"

"ನನ್ನ ಯಾರು ಕೇಳಿದ್ರಿ? ಎಲ್ಲಾರೂ ಹೊಗಿ ಬಣ್ಣ ನೋಡ್ಕೋತ ನಿಂತಿದ್ರಿ."

ಟ್ಯಾಂಕು ಬರಿದು ಮಾಡಿ, ಡಬ್ಬಿಯಲ್ಲಿ ಉಳಿದಿದ್ದ ಪೆಟ್ರೋಲು ಹಾಕಿದ ಮೇಲೆ ಹೊಗೆ ಕಡಿಮೆಯಾಯಿತು. ಸಾಹುಕಾರರು ಸಂಗತಿ ಕೇಳಿ ಹೊಟ್ಟೆ ಹಿಡಿದು ನಕ್ಕರು. "ಹತ್ತು, ಹೊತ್ತಾತು," ಎಂದರು.

ಶಬ್ಬೀರಸಾಬ ಹತ್ತಲಿಲ್ಲ. "ಕಳ್ಳ ಅಂದದ್ದು ಅಂಗಡಿ ಮುಂದ ರೀ. ಅಲ್ಲ ಅನ್ನೂದೂ ಅಲ್ಲೇ ಆಗಲಿ."

ಸಾಹುಕಾರರು ಸಿಡುಕಿದರು, ಗಡಿಯಾರ ನೋಡಿದರು. ಕಾರು ನಡೆಸುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಕೊನೆಗೆ ಅಂಗಡಿಯ ಕಟ್ಟೆ ಹತ್ತಿ ಕೂಗಿದರು: "ಕೇಳ್ರಪಾ. ಶಬ್ಬೀರ ಏನೂ ಕದ್ದಿಲ್ಲ. ಅದೆಲ್ಲಾ ಹನುಮಣ್ಣನ ಕೆಲಸ."

ಹಮಾಲರು ಮುಖ ಮುಖ ನೋಡಿಕೊಂಡರು. "ಹಂಗಾರ ಪೆಟ್ರೋಲ್ ಕದ್ದಾವ ಹನುಮಣ್ಣೇನ್ರಿ?" ಎಂದ ಗ್ಯಾನಪ್ಪ.

ಸಾಹುಕಾರರು ಆಗಲೇ ಕಾರಿನಲ್ಲಿ ಕೂತಿದ್ದರು. ಈ ಮಾತನ್ನು ಹೀಗೆಯೇ ಬಿಟ್ಟು ಹೋಗಲು ಶಬ್ಬೀರಸಾಬನಿಗೆ ಆಗಲಿಲ್ಲ. "ಅವನೂ ಕದ್ದಿಲ್ಲೋ. ಗಾಡಿಗೆ ಔಷಧಿ ಕುಡಿಸ್ಯಾನ."

"ಯಾವ ರೋಗಕ್ಕ?"

"ರೋಗ ಇರಲಿಲ್ಲ."

"ಮತ್ತ ಯಾಕ ಕುಡಿಸಿದ?"

ರೈಲು ತಪ್ಪುತ್ತದೆಂದು ಸಾಹುಕಾರರು ಹಾರ್ನು ಒತ್ತುತ್ತಲೇ ಇದ್ದರು. ಶಬ್ಬೀರಸಾಬ ಹಮಾಲರ ನಡುವೆ ನಿಂತು, ಕಾರಹುಣ್ಣಿಮೆಯಿಂದ ಮತ್ತೆ ಶುರುಮಾಡಿದ.