ಬಾರದ ಅತಿಥಿಗೆ ಬಿದ್ದ ಹಾರ

ಮೊದಲೇ ಹೇಳಿಬಿಡುತ್ತೇನೆ: ಟೀಚರ ಧ್ವನಿಗೆ ಕನ್ನ ಹಾಕಿದವರು ಬೇರೆಯವರಾದರೂ ಗೋಡೆ ತೋರಿಸಿದ ಪೆದ್ದ ನಾನೇ.

ಮೈಕ್ ಹಿಡಿದಾಗ ಅವರ ಕುತ್ತಿಗೆಯ ಬಲಗಡೆ ನರವೊಂದು ತಂಬೂರಿಯ ತಂತಿಯಂತೆ ಎದ್ದು ನಿಲ್ಲುತ್ತಿತ್ತು. ಹೈಸ್ಕೂಲಿನಲ್ಲಿ ನಾನು ಕಾಲರಿನ ಸಂದಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೂ ಅಣಕಿಸುತ್ತಿದ್ದೆ. ಒಂದು ದಿನ ಟೀಚರು ಬಾಗಿಲಲ್ಲಿ ನಿಂತು ಪೂರ್ತಿ ನೋಡಿದರು. "ನರ ಏನೋ ಸರಿಯಾಗಿದೆ ಮಾರಾಯ. ನಾನು ಉಸಿರು ಎಲ್ಲಿ ತಗೊಳ್ತೀನಿ ಅಂತ ನೋಡಿಲ್ಲ ನೀನು. ನಾಳೆ ಪ್ರಾರ್ಥನೆ ಆದ್ಮೇಲೆ ಎಲ್ಲರ ಮುಂದೆ ಮಾಡು" ಎಂದರು. ಇವತ್ತು ಭದ್ರಾವತಿ, ಶಿವಮೊಗ್ಗದ ಆರತಕ್ಷತೆಗಳಲ್ಲಿ ನಾಯಿ, ರೈಲು, ರಾಜಕಾರಣಿಗಳ ದನಿ ತೆಗೆದು ನಾನು ಹೊಟ್ಟೆ ಹೊರೆಯುತ್ತಿದ್ದರೆ, ಅದು ಆ ಪ್ರಾರ್ಥನೆಯ ಫಲ.

ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಟೀಚರೇ ಖಾಯಂ ನಿರೂಪಕಿ. ನಿರೂಪಣೆಯೆಂದರೆ ಚೀಟಿ ಓದುವುದು ಎಂದುಕೊಂಡವರು ಅವರನ್ನು ವೇದಿಕೆಯ ಹಿಂದೆ ನೋಡಬೇಕಿತ್ತು. ಯಾರನ್ನು ಹೇಗೆ ಕರೆದರೆ ಇಷ್ಟ, ಯಾರಿಗೆ ಮಂಡಿನೋವು, ಎಲ್ಲ ವಿಚಾರಿಸಿಕೊಳ್ಳುತ್ತಿದ್ದರು. ಮಂಡಿನೋವಿನವರನ್ನು ಮೆಟ್ಟಿಲು ಹತ್ತಿಸದೆ ಹಾರವನ್ನೇ ಕೆಳಗೆ ಕಳಿಸುತ್ತಿದ್ದರು. ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಅಜ್ಜಿಯರು ತಡವಾಗಿ ಬಂದರೆ, "ಉಕ್ಕಾರುಂಗಮ್ಮಾ" ಎಂದು ಕೂರಿಸಿಯೇ ಮುಂದಿನ ಮಾತು. ಒಂದು ವರ್ಷ ಕರೆಂಟ್ ಹೋದಾಗ ಸಭಿಕರ ನಡುವೆ ಇಳಿದು, ಅಂಥ ಅಜ್ಜಿಯೊಬ್ಬರಿಂದ ಅವರು ಈ ಊರಿಗೆ ಬಂದ ಹೊಸದರಲ್ಲಿ ಕಲಿತ ಮೊದಲ ಕನ್ನಡ ಬೈಗುಳವನ್ನು ಹೇಳಿಸಿದರು. ಕರೆಂಟ್ ಬಂದಾಗ ಜನ, "ಆಫ್ ಮಾಡ್ರೀ!" ಎಂದು ಕೂಗಿದರು.

"ಭಾಷಣ ಯಾರು ಬೇಕಾದ್ರೂ ಮಾಡ್ತಾರೆ ಕಣೋ. ಎರಡು ಭಾಷಣದ ಮಧ್ಯೆ ಖಾಲಿ ಬೀಳುತ್ತಲ್ಲ, ಅಲ್ಲಿಗೆ ಮನುಷ್ಯರು ಬೇಕು" ಎನ್ನುತ್ತಿದ್ದರು. ನಿವೃತ್ತಿಯ ನಂತರ ಅವರಿಗೆ ಉಳಿದಿದ್ದ ಮೈಕ್ ಅದೊಂದೇ. ಆ ಒಂದು ಸಂಜೆಗಾಗಿ, ಗಂಟಲು ಕೆಡದಿರಲೆಂದು ದಸರಾದಿಂದಲೇ ಮಜ್ಜಿಗೆ ಬಿಡುತ್ತಿದ್ದರು.

ಕಳೆದ ವರ್ಷ ಸಮಿತಿಯ ಅಧ್ಯಕ್ಷರು ನನ್ನನ್ನು ಕರೆದು, "ಈಗೆಲ್ಲ ಎಐ ಕಾಲ ಕಣಪ್ಪ. ಟೀಚರಿಗೂ ವಯಸ್ಸಾಯ್ತು. ಅವರ ಹಳೇ ರೆಕಾರ್ಡಿಂಗ್ ಇದ್ರೆ ಕಳ್ಸು" ಎಂದರು. ಟೀಚರಿಗೆ ಏನೋ ಗೌರವ ಕಾದಿದೆ ಎಂದು ಹಿಗ್ಗಿ ಇದ್ದಬದ್ದದ್ದನ್ನೆಲ್ಲ ಕಳಿಸಿದೆ. ಅವರನ್ನೊಂದು ಮಾತು ಕೇಳೋಣವೆಂದು ನನಗೂ ಹೊಳೆಯಲಿಲ್ಲ, ಸಮಿತಿಗಂತೂ ಬೇಕಿರಲಿಲ್ಲ. ಆ ರೆಕಾರ್ಡಿಂಗುಗಳನ್ನು ಎಐಗೆ ತಿನ್ನಿಸಿ, ಟೀಚರ ದನಿಯಲ್ಲೇ ನಿರೂಪಣೆ ಮಾಡುವ ಯಂತ್ರವೊಂದನ್ನು ಸಮಿತಿ ಸಿದ್ಧಮಾಡಿಸಿತು. ಟೀಚರಿಗೆ ತಲುಪಿದ್ದು ಎಲ್ಲರಿಗೂ ಹಂಚಿದ ಆಮಂತ್ರಣ ಪತ್ರಿಕೆ ಮಾತ್ರ.

"ನಿನ್ನ ಕಸುಬೂ ಅದೇ ಅಲ್ವೇನೋ?" ಎಂದು ಈಗಲೂ ಕೆಲವರು ನನ್ನನ್ನು ಚುಚ್ಚುತ್ತಾರೆ. ಅಲ್ಲ ಸ್ವಾಮಿ. ನಾನು ಟೀಚರ ದನಿ ತೆಗೆದರೆ ಜನಕ್ಕೆ ಟೀಚರೂ ಕಾಣುತ್ತಾರೆ, ಈ ಕೋತಿಯೂ ಕಾಣುತ್ತದೆ. ನಗು ಬರುವುದೇ ಅದಕ್ಕೆ. ತಪ್ಪಿದರೆ ಮುಂದಿನ ಸಾಲಿನಿಂದ ಟೀಚರೇ ಎದ್ದು ಬಂದು ಕಿವಿ ಹಿಂಡಬಹುದು. ಆ ಯಂತ್ರಕ್ಕೆ ಹಿಂಡಲು ಕಿವಿಯಿಲ್ಲ, ನಾಚಲು ಮುಖವಿಲ್ಲ. ಟೀಚರ ಮಾತು ಬೇಕು, ಟೀಚರು ಮಾತ್ರ ಬೇಡ ಎನ್ನುವವರಿಗೆ ಹೇಳಿ ಮಾಡಿಸಿದ ಸಾಮಾನು ಅದು.

ರಾಜ್ಯೋತ್ಸವದ ಸಂಜೆ ಶಿವಮೊಗ್ಗದಿಂದ ಬರಬೇಕಿದ್ದ ಮುಖ್ಯ ಅತಿಥಿಗಳು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದರು. ಯಂತ್ರಕ್ಕೇನು ಗೊತ್ತು? "ಇದೀಗ ವೇದಿಕೆಗೆ ಆಗಮಿಸಿರುವ ಮುಖ್ಯ ಅತಿಥಿಗಳಿಗೆ ಹಾರ್ದಿಕ ಸ್ವಾಗತ" ಎಂದಿತು, ಟೀಚರ ದನಿಯಲ್ಲೇ. ಹಾರ ಹಿಡಿದು ನಿಂತಿದ್ದ ಖಜಾಂಚಿ ಗಾಬರಿಯಲ್ಲಿ ಅದನ್ನು ಖಾಲಿ ಕುರ್ಚಿಗೇ ಹಾಕಿದರು. ಕೂಡಲೇ, "ತಮ್ಮ ಅಮೂಲ್ಯ ಮಾತುಗಳಿಂದ ನಮ್ಮನ್ನು ಧನ್ಯರಾಗಿಸಿದ್ದೀರಿ" ಎಂದು ಕುರ್ಚಿಗೆ ವಂದನೆಯೂ ಸಂದಿತು. ಜನ ಶಿಳ್ಳೆ ಹೊಡೆದು ನಕ್ಕರು. ನನಗೂ ನಗು ಉಕ್ಕಿತು, ಎರಡನೇ ಸಾಲಿನತ್ತ ನೋಡುವವರೆಗೆ. ಟೀಚರು ಮಡಿಲಲ್ಲಿ ಕೈ ಕಟ್ಟಿ ಕುಳಿತಿದ್ದರು. ಊರು ನಗುತ್ತಿದ್ದದ್ದು ಅವರ ದನಿಗೆ.

ಅಷ್ಟರಲ್ಲಿ ಅಧ್ಯಕ್ಷರು ಇನ್ನೊಂದು ಮೈಕ್ ಹಿಡಿದು ಬೆವರುತ್ತ ಓಡಿಬಂದರು. "ಟೀಚರ್, ಹೇಗಾದ್ರೂ ಸಂಭಾಳಿಸಿ. ಮಾನ ಹೋಗ್ತಿದೆ!"

ಮೇಲೆ ಆ ದನಿ ದಾನಿಗಳ ಹೆಸರು ಓದುತ್ತಲೇ ಇತ್ತು. ಟೀಚರು ಮೈಕನ್ನು ಮುಟ್ಟಲಿಲ್ಲ.

"ನಾನು ಅಲ್ಲಿ ಮಾತಾಡ್ತಾ ಇದೀನಲ್ಲ ಅಧ್ಯಕ್ಷರೇ. ಒಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು."