ಬ್ರೇಕ್ ಹಾಕಿದ್ದು ನಾನಲ್ಲ

ಗೆಳೆಯರೇ, ಇವತ್ತು ಒಬ್ಬ ಅಜ್ಜಿಯ ಜೀವ ಉಳಿಯಿತು. ಉಳಿಸಿದ್ದು ನಾನಲ್ಲ, ನಮ್ಮ ಮಾವನ ಹೊಸ ಕಾರು.

ಕುಣಿಗಲ್‌ನಿಂದ ಗುಬ್ಬಿಗೆ ಹೊರಟಿದ್ದೆ. ಮುಂದಿನ ಗಾಡಿ ನೋಡಿಕೊಂಡು ತಾನೇ ವೇಗ ಹೆಚ್ಚು ಕಡಿಮೆ ಮಾಡುವ ಕ್ರೂಸ್ ಕಂಟ್ರೋಲ್ ಹಾಕಿ, ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡಿದ್ದೆ. ಮುಂದಿದ್ದ ಟೆಂಪೋ ಪಕ್ಕಕ್ಕೆ ತಿರುಗಿತು. ದಾರಿ ಖಾಲಿ ಎಂದುಕೊಂಡು ಕಾರು ಜೋರಾಯಿತು. ಅಲ್ಲೇ, ಗಾಡಿಗಳು ತುಳಿದು ಕಾಳು ಉದುರಲಿ ಎಂದು ರಸ್ತೆ ತುಂಬ ರಾಗಿ ತೆನೆ ಹರಡಿತ್ತು. ನಡುವೆ ಅಜ್ಜಿಯೊಬ್ಬರು ಬಗ್ಗಿ ತೆನೆ ತಿರುವಿ ಹಾಕುತ್ತಿದ್ದರು. ನಾನು ಕಾಲು ಇಳಿಸುವಷ್ಟರಲ್ಲಿ ಕಾರು ಕೀಂಯ್ ಎಂದು ಕೂಗಿ, ತಾನೇ ಬ್ರೇಕ್ ಹಾಕಿಕೊಂಡು ನಿಂತಿತು.

ಅಜ್ಜಿ ಎದೆ ನೀವಿಕೊಳ್ಳುತ್ತಾ ಕಿಟಕಿಗೆ ಬಂದರು. "ನನ್ ನೋಡಿ ನಿಲ್ಲಿಸ್ದಲ್ಲ ಮಗ, ತಣ್ಣಗಿರು."

ಮಾಡದ ಕೆಲಸಕ್ಕೆ ಆ ಹಾರೈಕೆ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ. "ನಾನ್ ನಿಲ್ಲಿಸ್ಲಿಲ್ಲ ಅಜ್ಜಿ, ಗಾಡೀನೇ ನಿಂತ್ಕೊಳ್ತು. ನನ್ ಕಾಲು ಸೀಟ್ ಮೇಲಿತ್ತು."

ಅಜ್ಜಿ ಒಳಗೆ ಇಣುಕಿ ನನ್ನ ಕಾಲನ್ನೇ ನೋಡಿದರು. "ಹಂಗಾದ್ರೆ ನೀನ್ಯಾಕ್ಲಾ ಒಳಗ್ ಕೂತಿದ್ದೀಯ?"

"ತಪ್ಪಾಯ್ತು ಅಜ್ಜಿ" ಎಂದು ಕೈ ಮುಗಿದೆ. ಅದನ್ನು ಕಂಡು ಅಜ್ಜಿ ಮೆತ್ತಗಾದರು. "ಬುಡು, ಏನೂ ಆಗ್ಲಿಲ್ವಲ್ಲ." ಆಮೇಲೆ ಎತ್ತಿನ ಬೆನ್ನು ಸವರುವ ಹಾಗೆ ಬಾನೆಟ್ ಸವರಿದರು. "ಪಾಪ, ಒಳ್ಳೇ ಹೋರಿ ಇದು. ಈಗ ನೀನು ಕಾಲು ಕೆಳಗಿಟ್ಕೊಂಡು ನಿಧಾನಕ್ಕೆ ತೆನೆ ತುಳ್ಸು."

ಅವರು ಬದಿಯಲ್ಲಿ ನಿಂತು "ಹೋ, ಹೋ" ಎನ್ನುತ್ತಿದ್ದರು. ನಾನು ಹಿಂದೆ ಮುಂದೆ ಓಡಿಸಿ ಇಡೀ ಕಣ ತುಳಿಸಿದೆ.

ಮಾವ, ಕಾರಿನ ಅಡಿಯಲ್ಲಿ ರಾಗಿ ಹುಲ್ಲು ಸಿಕ್ಕಿಕೊಂಡಿರುವುದು ಹೀಗೆ. ಹೊಗಳಿಕೆ ಕಾರಿಗೆ, ಬೈಗುಳ ನನಗೆ. ಹಂಚಿಕೆ ಸರಿಯಾಗಿಯೇ ಇದೆ.